ನಳದ ನೀರೂ ನೆಲದ ಪಾಲೂ



ರಾಜ್ಯೋತ್ಸವದ ದಿನ ಕಾವೇರಿ, ಕೃಷ್ಣೆ, ತುಂಗಭದ್ರೆಯರನ್ನು ನೆನೆಯುವುದು ನಮ್ಮಲ್ಲಿ ವಾಡಿಕೆ. ಆದರೆ ನಮ್ಮ ಅನ್ನ ಬೇಯುವುದು ಗೋದಾವರಿಯ ನೀರಿನಲ್ಲಿ. ನಾಸಿಕದವರಿಗೆ ಅದು ಮುಖ್ಯವಾಗಿ ಗಂಗಾಪುರ ಅಣೆಕಟ್ಟಿನಿಂದ ಬರುತ್ತದೆ. ಛತ್ರಪತಿ ಸಂಭಾಜಿನಗರದ ಬಂಧುಗಳಿಗೆ ಅದೇ ನದಿಯ ಕೆಳಗಡೆ, ಪೈಠಣದ ಜಾಯಕವಾಡಿ ಜಲಾಶಯದಿಂದ. ಮಳೆ ಕೈಕೊಟ್ಟ ವರ್ಷ ಮೇಲಿನವರು ಕೆಳಗಿನವರಿಗೆ ಎಷ್ಟು ಬಿಡಬೇಕೆಂಬ ತಕರಾರು ನ್ಯಾಯಾಲಯದವರೆಗೂ ಹೋದದ್ದುಂಟು. ಆ ಪಂಚಾಯಿತಿ ನಮಗೆ ಬೇಡ. ಪಾಲಿಗೆ ಬಂದ ನೀರು ಮನೆ ಮುಟ್ಟುವ ಮುನ್ನ ನೆಲದ ಪಾಲಾಗುವುದೇಕೆ, ಅದನ್ನಷ್ಟು ನೋಡೋಣ.

ಪೈಠಣದ ನೀರು ನಾಲ್ವತ್ತು ಕಿಲೋಮೀಟರಿಗೂ ಹೆಚ್ಚು ದೂರ, ಪಂಪುಗಳ ಬಲದಿಂದ ಏರುತ್ತಾ ನಗರ ಸೇರಬೇಕು. ಆದ್ದರಿಂದ ಅಲ್ಲಿ ಸೋರಿದ ಪ್ರತಿ ಕೊಡದ ಜೊತೆಗೆ ವಿದ್ಯುತ್ತಿನ ಹಣವೂ ಸೋರುತ್ತದೆ. 2022ರ ಬೇಸಗೆಯಲ್ಲಿ ಆ ಊರಿನ ಅನೇಕ ಬಡಾವಣೆಗಳಿಗೆ ಹಲವು ದಿನಗಳಿಗೊಮ್ಮೆ ನೀರು ಬಂದದ್ದನ್ನು ಯಾರೂ ಮರೆತಿಲ್ಲ.

ನೀರು ಬಿಟ್ಟು ಬಿಟ್ಟು ಬಂದರೆ ಉಳಿತಾಯವಾಗುತ್ತದೆಂದು ತೋರುವುದು ಸಹಜ. ನಡೆಯುವುದು ಬೇರೆ. ಕೊಳವೆ ಬರಿದಾದಾಗ ಅದರೊಳಗಿನ ಒತ್ತಡ ಇಳಿದು, ನೀರು ಹೊರಹೋಗುವ ಬಿರುಕಿನಿಂದಲೇ ಸುತ್ತಲಿನ ಕೊಳೆ ಒಳಹೋಗುತ್ತದೆ. ಮರುದಿನ ಮೊದಲು ಬರುವ ಕೆಂಪು ನೀರನ್ನು ಚರಂಡಿಗೆ ಬಿಡುತ್ತೇವೆ. ಹೊಸ ನೀರು ಬಂತೆಂದು ಹಂಡೆಯಲ್ಲಿದ್ದ ಹಳೆಯ ನೀರನ್ನು ಚೆಲ್ಲುತ್ತೇವೆ. ಬಂದದ್ದು ತಿಳಿಯಲೆಂದು ನಳವನ್ನು ತೆರೆದಿಟ್ಟೇ ಮಲಗುತ್ತೇವೆ!

ನಮ್ಮಲ್ಲಿ ಅನೇಕರ ತವರಾದ ಹುಬ್ಬಳ್ಳಿ-ಧಾರವಾಡದ ಅನುಭವ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. 2008ರ ಹೊತ್ತಿಗೆ ಅಲ್ಲಿಯೂ ಬೆಳಗಾವಿ, ಕಲಬುರ್ಗಿಗಳಲ್ಲಿಯೂ ಆಯ್ದ ಕೆಲವು ವಾರ್ಡುಗಳಲ್ಲಿ ಹೊಸ ಕೊಳವೆ ಹಾಸಿ, ಮನೆಮನೆಗೆ ಮೀಟರು ಕೂರಿಸಿ, ಹಗಲೂ ರಾತ್ರಿ ನೀರು ಕೊಡಲಾರಂಭಿಸಿದರು. ಸದಾ ಒತ್ತಡವಿರುವ ಕೊಳವೆಯಲ್ಲಿ ಸೋರಿಕೆ ಬೇಗ ಗೊತ್ತಾಗುತ್ತದೆ. ಎರಡು ಗಂಟೆ ಮಾತ್ರ ನೀರು ಹರಿಯುವ ಕೊಳವೆಯಲ್ಲಿ ಅದು ಅಡಗಿಯೇ ಇರುತ್ತದೆ. ಹುಬ್ಬಳ್ಳಿ-ಧಾರವಾಡದ ಎರಡೂ ಬಗೆಯ ನೀರನ್ನು ಪರೀಕ್ಷಿಸಿದ ಸಂಶೋಧಕರು, ಬಿಟ್ಟು ಬಿಟ್ಟು ಬರುವ ನೀರಿನಲ್ಲೇ ಮಲಿನತೆಯ ಗುರುತು ಹೆಚ್ಚೆಂದು 2013ರಲ್ಲಿ ಪ್ರಕಟಿಸಿದರು. ಮಕ್ಕಳಿರುವ ಮನೆಯವರು ಗಮನಿಸಬೇಕಾದ ಮಾತಿದು.

ಸುಮಾರು ನಾಲ್ಕು ಶತಮಾನಗಳ ಹಿಂದೆ ಸಂಭಾಜಿನಗರದಲ್ಲಿ ಮಲಿಕ್ ಅಂಬರನು ಕಟ್ಟಿಸಿದ ನೆಲದೊಳಗಿನ ಕಾಲುವೆಗೂ ಇಳಿದು ನೋಡಲು ಅಲ್ಲಲ್ಲಿ ಬಾಯಿಗಳನ್ನು ಬಿಟ್ಟಿದ್ದರು. ಹೂತ ಮೇಲೆ ಮರೆಯಬಾರದೆಂಬ ವಿವೇಕ ಆಗಲೇ ಇತ್ತು.

ಕೊಳವೆ ಬದಲಿಸುವುದು ಪಾಲಿಕೆಯ ಕೆಲಸ. ನಮ್ಮ ಅಂಗಳದೊಳಗಿನದು ನಮ್ಮದು. ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ಸುಮಾರು 20 ಲೀಟರ್ ಹೋಗುತ್ತದೆ, ಅಂದರೆ ಒಂದು ದೊಡ್ಡ ಕೊಡ. ಪಾಯಿಖಾನೆಯ ತೊಟ್ಟಿಗೆ ಬಟ್ಟೆಯ ನೀಲಿ ನಾಲ್ಕು ಹನಿ ಹಾಕಿ. ನೀರು ಬಿಡದೆಯೇ ಕೆಳಗೆ ನೀಲಿ ಕಂಡರೆ ಒಳಗೆ ಸೋರುತ್ತಿದೆ. ಬೀದಿಯಲ್ಲಿ ನೀರು ಚಿಮ್ಮುವುದು ಕಂಡರೆ ವಾರ್ಡು ಕಚೇರಿಗೆ ಜಾಗದ ಗುರುತು ಸಮೇತ ಬರೆದು ತಿಳಿಸಿ. ನಮ್ಮ ಮರಾಠಿ ಎಷ್ಟೇ ತೊದಲಲಿ, ‘ನಳ ಗಳತೋಯ್’ ಎನ್ನುವಷ್ಟಂತೂ ನಮಗೆಲ್ಲ ಬರುತ್ತದೆ. ಮೀಟರಿರುವವರು ಇಂದು ರಾತ್ರಿ ಎಲ್ಲ ನಳಗಳನ್ನೂ ಮುಚ್ಚಿ ಅಂಕಿಯನ್ನು ಬರೆದಿಡಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಇನ್ನೊಮ್ಮೆ ನೋಡಿ.