ಊರಿನ ದಾನ, ಊರಿನ ಏಳಿಗೆ

(ಬಾನುಲಿ ಭಾಷಣ)

ಶ್ರೀರಂಗಪಟ್ಟಣದ ಕೋಟೆಯನ್ನು ಹಿಂದೆ ಬಿಟ್ಟು ದ್ವೀಪದ ಪೂರ್ವಕ್ಕೆ ನಡೆದರೆ ಗಂಜಾಂ ಸಿಗುತ್ತದೆ. ಇಂದು ಹೆಚ್ಚು ಮಂದಿ ಅದನ್ನು ಬಲ್ಲದ್ದು ನಿಮಿಷಾಂಬೆಯ ಗುಡಿಯಿಂದ. ಹಿಂದಿನವರು ಬಲ್ಲದ್ದು ಅಲ್ಲಿನ ಅಂಜೂರದ ತೋಟಗಳಿಂದ. ಇದು ತಾನಾಗಿ ಬೆಳೆದ ಊರಲ್ಲ. ಟಿಪ್ಪು ಸುಲ್ತಾನ ತನ್ನ ರಾಜಧಾನಿಯ ಪೇಟೆ ತುಂಬಬೇಕೆಂದು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಕರೆತಂದು ಇಲ್ಲಿ ನೆಲೆಗೊಳಿಸಿದನೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ೧೭೯೯ರಲ್ಲಿ ಪಟ್ಟಣ ಬಿತ್ತು. ಕೆಲವು ವರ್ಷಗಳ ಬಳಿಕ ಚಳಿಜ್ವರಕ್ಕೆ ಅಂಜಿ ಇಂಗ್ಲಿಷರ ದಂಡೂ ಬೆಂಗಳೂರಿಗೆ ತೆರಳಿತು. ಪೇಟೆಯ ಸದ್ದು ಅಡಗಿತು. ಅಪ್ಪಣೆಯಿಂದ ಬಂದ ಸಂಪತ್ತು ಅಪ್ಪಣೆ ಮುಗಿದೊಡನೆ ಹೊರಟುಹೋಗುತ್ತದೆ. ಉಳಿಯುವುದು ಊರವರು ತಮ್ಮದೆಂದು ಕಾಪಾಡಿಕೊಂಡದ್ದು ಮಾತ್ರ. ಇಂದು ನಾನು ಹೇಳಬೇಕೆಂದಿರುವ ವಿಷಯಕ್ಕೆ ಗಂಜಾಮಿನ ಈ ಕಥೆ ಒಳ್ಳೆಯ ಪೀಠಿಕೆ.

ಒಂದು ಊರು ಏಳಿಗೆ ಹೊಂದಬೇಕಾದರೆ ಹಣ ಎಲ್ಲಿಂದ ಬರಬೇಕು? ಈ ಪ್ರಶ್ನೆ ಕೇಳಿದೊಡನೆ ನಮ್ಮ ಕಣ್ಣು ವಿಧಾನಸೌಧದ ಕಡೆಗೆ ತಿರುಗುತ್ತದೆ; ಅಲ್ಲಿಂದ ದೆಹಲಿಯ ಕಡೆಗೆ; ಅದಕ್ಕೂ ಆಚೆ ವಿಶ್ವಬ್ಯಾಂಕಿನ ಕಡೆಗೆ. ಹಾಗೆ ತಿರುಗುವುದು ತಪ್ಪಲ್ಲ. ತೆರಿಗೆ ಕೊಡುವ ಪ್ರಜೆಗೆ ಶಾಲೆಯನ್ನೂ ಆಸ್ಪತ್ರೆಯನ್ನೂ ಕೇಳುವ ಹಕ್ಕಿದೆ. ದಾನದ ಹೆಸರಿನಲ್ಲಿ ಆ ಹಕ್ಕನ್ನು ಬಿಟ್ಟುಕೊಡಬಾರದು. ಆದರೆ ಊರಿನೊಳಗೇ ಒಂದು ಸೆಲೆಯಿದೆ. ಬಹುಕಾಲ ನಮ್ಮ ಕೆರೆಗಳನ್ನೂ ಬಾವಿಗಳನ್ನೂ ಛತ್ರಗಳನ್ನೂ ಅರವಟ್ಟಿಗೆಗಳನ್ನೂ ತುಂಬಿದ್ದು ಆ ಸೆಲೆಯೇ. ಅದು ಬತ್ತಿಲ್ಲ, ನಾವು ಅದರ ದಾರಿಯನ್ನು ಮರೆತಿದ್ದೇವೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹೊಯ್ಸಳರ ಕಾಲದ ಬ್ರಹ್ಮೇಶ್ವರ ದೇವಾಲಯವಿದೆ. ೧೧೭೧ರಲ್ಲಿ ಅದನ್ನು ಕಟ್ಟಿಸಿದವಳು ಬಮ್ಮವೆ ನಾಯಕಿತಿ ಎಂಬ ಹೆಂಗಸು. ಧರ್ಮದ ಕೆಲಸಕ್ಕೆ ಕೈಹಾಕಲು ರಾಜನೇ ಆಗಬೇಕಾಗಿರಲಿಲ್ಲ, ಗಂಡಸೇ ಆಗಬೇಕೆಂದೂ ಇರಲಿಲ್ಲ ಎಂಬುದಕ್ಕೆ ಆ ಗುಡಿ ಸಾಕ್ಷಿ. ಕೆರೆಗಳ ವಿಚಾರದಲ್ಲಂತೂ ನಮ್ಮ ಶಾಸನಗಳು ಇನ್ನೂ ಸ್ಪಷ್ಟವಾಗಿ ಮಾತಾಡುತ್ತವೆ. ಬಿತ್ತುವಟ, ಕಟ್ಟುಗೊಡಗೆ, ದಶವಂದ ಎಂಬ ಮಾತುಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವನಿಗೋ ಅದನ್ನು ದುರಸ್ತಿ ಮಾಡಿ ನೋಡಿಕೊಂಡವನಿಗೋ ಭೂಮಿಯಲ್ಲಿ, ಬೆಳೆಯಲ್ಲಿ ಒಂದು ಪಾಲು ಬಿಡುವ ಏರ್ಪಾಡುಗಳು ಇವು. ಹೂಳು ಹೊರುವ ಬಂಡಿಗೆಂದೇ ದತ್ತಿ ಬಿಟ್ಟ ಶಾಸನಗಳೂ ಉಂಟು. ಕೆರೆಯನ್ನು ಕಟ್ಟುವುದು ಒಂದು ದಿನದ ಪುಣ್ಯವೆಂದೂ ಅದರ ಹೂಳೆತ್ತುವುದು ಪ್ರತಿವರ್ಷದ ಕರ್ತವ್ಯವೆಂದೂ ಆ ಹಿರಿಯರು ತಿಳಿದಿದ್ದರು. ಆದ್ದರಿಂದಲೇ ಕಟ್ಟುವ ಹಣದ ಜೊತೆಗೆ ಕಾಯುವ ಹಣವನ್ನೂ ಅವರು ಕಲ್ಲಿನ ಮೇಲೆ ಬರೆಸಿಟ್ಟರು.

ಹಾಗೆಂದು ಹಿಂದಿನದೆಲ್ಲ ಚಿನ್ನವೆಂದು ನಾನು ಹೇಳುವುದಿಲ್ಲ. ಆ ಕಾಲದ ಬಹಳಷ್ಟು ದಾನ ಜಾತಿಯ ಗೆರೆಯೊಳಗೇ ಹರಿಯಿತು. ಅಗ್ರಹಾರಗಳ ದತ್ತಿ ಹೊಲದಲ್ಲಿ ದುಡಿದವನ ಮನೆಗೆ ತಲುಪಲಿಲ್ಲ. ಛತ್ರದ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. ಕೆರೆಯ ಮಣ್ಣು ಹೊತ್ತವರ ಹೆಸರು ಯಾವ ಶಾಸನದಲ್ಲೂ ಇಲ್ಲ; ಆ ಕೆರೆಯ ನೀರು ಮುಟ್ಟಲೂ ಅವರಲ್ಲಿ ಎಷ್ಟೋ ಜನಕ್ಕೆ ಅನುಮತಿ ಇರಲಿಲ್ಲ. ಹಿಂದಿನವರಿಂದ ನಾವು ಕಲಿಯಬೇಕಾದದ್ದು ಏರ್ಪಾಡಿನ ಜಾಣತನವನ್ನು, ಆ ಗೆರೆಗಳನ್ನಲ್ಲ.

ನಮ್ಮ ಸೀಮೆಯ ಜನ ಕೊಡುಗೆಯನ್ನು ಎಷ್ಟು ದೊಡ್ಡದಾಗಿ ಕಾಣುತ್ತಾರೆಂಬುದಕ್ಕೆ ಕನ್ನಂಬಾಡಿಯ ಕಥೆಯೇ ಸಾಕು. ೧೯೧೧ರಲ್ಲಿ ಕೆಲಸ ಮೊದಲಾದ ಆ ಕಟ್ಟೆಗಾಗಿ ರಾಜಮಾತೆ ಕೆಂಪನಂಜಮ್ಮಣ್ಣಿಯವರು ತಮ್ಮ ಒಡವೆಗಳನ್ನೇ ಕೊಟ್ಟರೆಂದು ಪಾಂಡವಪುರದ ಗದ್ದೆಬಯಲಿನಲ್ಲಿ ಇಂದಿಗೂ ಹೇಳುತ್ತಾರೆ. ಕಟ್ಟೆಯ ಮುಖ್ಯ ವೆಚ್ಚವನ್ನು ಹೊತ್ತದ್ದು ಸಂಸ್ಥಾನದ ಬೊಕ್ಕಸ, ಎಂದರೆ ಪ್ರಜೆಗಳ ತೆರಿಗೆ. ಆದರೆ ಬೊಕ್ಕಸದ ಲೆಕ್ಕ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಒಡವೆಯ ಕಥೆ ಉಳಿಯಿತು. ತನ್ನದನ್ನು ಬಿಚ್ಚಿಕೊಟ್ಟವರು ಯಾರೋ ಇದ್ದಾರೆಂಬ ಭಾವನೆಯಿಂದಲೇ ಜನರು ಒಂದು ಕೆಲಸವನ್ನು ತಮ್ಮದೆಂದು ಅಪ್ಪಿಕೊಳ್ಳುತ್ತಾರೆ.

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳಬೇಕು. ನಾನು ನಾಲೆಯ ಬಯಲಿನ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದೆ. ಶಾಲೆಗೆ ಎರಡು ಕೊಠಡಿ ಬೇಕಾಗಿತ್ತು. ಒಂದು ಕೊಠಡಿಗೆ ಸರ್ಕಾರದ ಅನುದಾನ ಬಂತು. ಇನ್ನೊಂದಕ್ಕೆ ಚಂದಾ ಪುಸ್ತಕ ಹಿಡಿದು ನಾವೇ ಮನೆಮನೆಗೆ ಹೋದೆವು. ಕೆಲವರು ಹಣ ಕೊಟ್ಟರು, ಕೆಲವರು ಭತ್ತ ಅಳೆದರು. ಗಾಡಿಯಿದ್ದವರು ಕಲ್ಲು ಹೊಡೆದರು. ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ಒಬ್ಬ ಮುದುಕಿ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಟ್ಟಳು. "ನೀನು ಕೊಡದಿದ್ದರೂ ನಡೆಯುತ್ತೆ ಕಣವ್ವ" ಎಂದೆ. "ಯಾಕ್ ಮೇಷ್ಟ್ರೆ, ನನ್ ಮೊಮ್ಮಗ ಕೂರಾಕಿಲ್ವಾ?" ಎಂದಳು. ಕೊಠಡಿ ಎದ್ದ ಮೇಲೆ ಒಂದು ದಿನ ಅವಳು ಸೊಪ್ಪಿನ ಬುಟ್ಟಿಯನ್ನು ಜಗಲಿಯ ಮೇಲಿಟ್ಟು ಒಳಗೆ ಬಂದು ಸುತ್ತ ನೋಡಿ ಕೇಳಿದಳು: "ನಾನ್ ಕೊಟ್ಟಿದ್ ಹತ್ತುರುಪಾಯಿ ಯಾವ್ ಗೋಡೇಲದೆ, ತೋರ್ಸಿ ಮೇಷ್ಟ್ರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮುಂದಿನ ಮಳೆಗಾಲದಲ್ಲಿ ಆ ಪ್ರಶ್ನೆಯ ಬೆಲೆ ತಿಳಿಯಿತು. ಎರಡು ಕೊಠಡಿಗಳೂ ಸೋರಿದವು. ಚಂದಾ ಹಣದ ಕೊಠಡಿಯ ಒಡೆದ ಹೆಂಚುಗಳನ್ನು ಊರಿನ ಹುಡುಗರು ಆ ಭಾನುವಾರವೇ ಏಣಿ ಹಾಕಿ ಬದಲಿಸಿದರು. ಅನುದಾನದ ಕೊಠಡಿಗಾಗಿ ನಾನು ಅರ್ಜಿಯ ಮೇಲೆ ಅರ್ಜಿ ಬರೆದು ಎರಡು ವರ್ಷ ಕಾದೆ. ಹುಡುಗರನ್ನು ಕೇಳಿದರೆ, "ಅದು ನಮ್ದಲ್ವಲ್ಲ ಸಾರ್, ಅವರು ಬಂದು ಮಾಡ್ತಾರೆ" ಎಂದರು. ಎರಡು ಕೊಠಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯ ಈಚೆಗೆ 'ನಮ್ಮದು', ಆಚೆಗೆ 'ಅವರದು'.

ಊರಿನ ದಾನದ ನಿಜವಾದ ಬೆಲೆ ಅದರ ಮೊತ್ತದಲ್ಲಿಲ್ಲ ಎಂಬುದನ್ನು ಆ ಮಳೆಗಾಲ ನನಗೆ ಕಲಿಸಿತು. ಮೊತ್ತದಲ್ಲಿ ಅದು ಸರ್ಕಾರದ ಹಣದ ಮುಂದೆ ಯಾವತ್ತೂ ಚಿಕ್ಕದೇ. ಆದರೆ ಆ ಹಣಕ್ಕೆ ಕಣ್ಣಿದೆ. ಕೊಟ್ಟವನು ಅದೇ ಬೀದಿಯಲ್ಲಿ ಓಡಾಡುತ್ತಾನೆ, ನೋಡುತ್ತಾನೆ, ಕೇಳುತ್ತಾನೆ. ರಾಜ್ಯದ ಹಲವು ಜಿಲ್ಲೆಗಳಲ್ಲಿ ೨೦೦೨ರಿಂದ ವಿಶ್ವಬ್ಯಾಂಕಿನ ನೆರವಿನೊಡನೆ ಕೆರೆಗಳ ಜೀರ್ಣೋದ್ಧಾರ ನಡೆದಾಗ, ಕೆರೆ ಬಳಸುವವರೂ ತಮ್ಮದೊಂದು ಪಾಲು ಹಾಕಬೇಕೆಂದು ನಿಯಮ ಮಾಡಿದ್ದರು. ಅಷ್ಟು ದೂರದ ಸಾಲದ ಹಣಕ್ಕೂ ಊರಿನ ಕಣ್ಣು ಬೇಕೆನಿಸಿತ್ತು.

ನಮ್ಮ ಜಿಲ್ಲೆಯ ಇನ್ನೊಬ್ಬರನ್ನು ನೆನೆಯದೆ ಈ ಮಾತು ಪೂರ್ತಿಯಾಗದು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಿದ್ದವರು. ಬೆಟ್ಟದಲ್ಲಿ ಕುರಿಗೂ ಕಾಡಿನ ಪ್ರಾಣಿಗಳಿಗೂ ನೀರಿಲ್ಲದ್ದನ್ನು ಕಂಡು ಕಟ್ಟೆ ತೋಡಲು ಹೊರಟರು. ಹಾರೆ ಗುದ್ದಲಿಗಾಗಿ ಕುರಿಗಳನ್ನು ಮಾರಿದರು. ಒಂದು ಕಟ್ಟೆ ಮುಗಿದರೆ ಇನ್ನೊಂದು. ಹೀಗೆ ಹದಿನಾಲ್ಕಕ್ಕೂ ಮೇಲೆ ಎಂದು ಲೆಕ್ಕ ಹೇಳುತ್ತಾರೆ. ಪ್ರಶಸ್ತಿಯ ಹಣ ಬಂದಾಗ ಅದನ್ನೂ ಕಟ್ಟೆಗೇ ಸುರಿದರು. ೨೦೨೨ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ದಾನಕ್ಕೆ ಶ್ರೀಮಂತಿಕೆ ಬೇಕೆನ್ನುವವರು ಆ ಬೆಟ್ಟವನ್ನೊಮ್ಮೆ ಹತ್ತಿ ಬರಬೇಕು. ಹಾಗೆಯೇ ಅವರ ಕಾಲಾನಂತರ ಆ ಕಟ್ಟೆಗಳ ಹೂಳನ್ನು ತೆಗೆಯುವವರು ಯಾರು ಎಂಬ ಪ್ರಶ್ನೆಯನ್ನೂ ಹೊತ್ತು ಇಳಿಯಬೇಕು.

ಒಬ್ಬನ ಶ್ರಮ ಒಬ್ಬನೊಡನೆ ಮುಗಿಯದಂತೆ ಮಾಡುವುದು ಸಂಸ್ಥೆಯ ಕೆಲಸ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ೧೯೭೪ರಲ್ಲಿ ಪೀಠವೇರಿದ ಬಾಲಗಂಗಾಧರನಾಥ ಸ್ವಾಮಿಗಳು ಭಕ್ತರ ಕಾಣಿಕೆಯನ್ನು ಅನ್ನಕ್ಕೂ ಅಕ್ಷರಕ್ಕೂ ಆರೋಗ್ಯಕ್ಕೂ ತಿರುಗಿಸಿದರು. ಬರದ ಸೀಮೆಯೆನಿಸಿದ್ದ ಬೆಳ್ಳೂರಿನ ಬದಿಯಲ್ಲಿ ೧೯೮೬ರಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಇಂತಹ ದೊಡ್ಡ ಸಂಸ್ಥೆಗಳು ಕಾಣಿಕೆಯೊಂದರಿಂದಲೇ ನಡೆಯುವುದಿಲ್ಲ, ಶುಲ್ಕವೂ ಸೇರಬೇಕಾಗುತ್ತದೆ. ಆದರೆ ಬೀಜ ಬಿದ್ದದ್ದು ರೈತನ ಕೈಯಿಂದ. ಬೆಳೆದ ಮರದ ನೆರಳು ಆ ರೈತನ ಮಗನಿಗೆ ಸಿಗುತ್ತಿದೆಯೆ ಎಂದು ಎಂದೆಂದಿಗೂ ಕೇಳುತ್ತಿರಬೇಕು.

ದಾನವೂ ಕೆಡುತ್ತದೆ. ಆಫ್ರಿಕದ ಕೀನ್ಯಾ ೧೯೬೩ರಲ್ಲಿ ಸ್ವತಂತ್ರವಾದಾಗ 'ಹರಂಬೀ' ಎಂಬ ಕೂಗು ಎದ್ದಿತು. ಎಲ್ಲರೂ ಕೂಡಿ ಎಳೆಯೋಣ ಎಂದು ಅದರ ಅರ್ಥ. ಹಳ್ಳಿಯವರು ಚಂದಾ ಹಾಕಿ ಅಸಂಖ್ಯಾತ ಶಾಲೆಗಳನ್ನು ಕಟ್ಟಿದರು. ಬರಬರುತ್ತ ರಾಜಕಾರಣಿಗಳು ಆ ಸಭೆಗಳಿಗೆ ನೋಟಿನ ಕಂತೆ ತಂದು ತಮ್ಮ ಹಿರಿಮೆ ಮೆರೆಸಿದರು. ಬಡವರಿಂದ ಬಲವಂತದ ವಸೂಲಿಯೂ ನಡೆಯಿತು. ಕಡೆಗೆ ೨೦೦೩ರಲ್ಲಿ ಅಧಿಕಾರಸ್ಥರು ಚಂದಾ ಎತ್ತುವುದನ್ನು ಕಾನೂನಿನಿಂದಲೇ ತಡೆಯಬೇಕಾಯಿತು. ಕೊಡುವವನ ಹೆಸರು ಕೆಲಸಕ್ಕಿಂತ ದೊಡ್ಡದಾದಾಗ ಹೀಗಾಗುತ್ತದೆ. ನಮ್ಮಲ್ಲೂ ಗೋಡೆಗಿಂತ ಮೊದಲೇ ಅಮೃತಶಿಲೆಯ ಹಲಗೆ ಬಂದಿಳಿಯುವುದನ್ನು ಕಂಡಿಲ್ಲವೆ?

ಈಚೆಗೆ ಇನ್ನೊಂದು ಸೆಲೆ ತೆರೆದಿದೆ. ೨೦೧೩ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಬರಲಿ, ಬೇಡವೆನ್ನುವುದಿಲ್ಲ. ಆದರೆ ಅದು ಬರುವುದು ಊರ ಹೊರಗಿನಿಂದ, ಹೋಗುವುದೂ ಒಂದು ದಿನ. ಅದು ಹೋದ ಮೇಲೆ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನು ಬರುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಹಾಗಾದರೆ ನಾವು ಮಾಡಬೇಕಾದದ್ದೇನು? ಎರಡೇ ಸಣ್ಣ ಮಾತು. ಊರಿನ ಕೆಲಸಕ್ಕೆ ಎತ್ತಿದ ಪ್ರತಿ ಹಣದಲ್ಲೂ ಹತ್ತರಲ್ಲೊಂದು ಪಾಲನ್ನು ಅದರ ಮುಂದಿನ ಜೋಪಾನಕ್ಕೆಂದು ತೆಗೆದಿಡೋಣ. ದಶವಂದವೆಂಬ ಹಳೆಯ ಹೆಸರನ್ನೇ ಅದಕ್ಕೆ ಕೊಡಬಹುದು. ದಾನಿಗಳ ಹೆಸರಿನ ಹಲಗೆಯ ಪಕ್ಕದಲ್ಲಿ ಲೆಕ್ಕದ ಹಲಗೆಯೂ ಇರಲಿ: ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು. ಓದಲು ಬಾರದವರಿಗೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳೋಣ.

ಮತ್ತೆ ಗಂಜಾಮಿಗೆ ಬರೋಣ. ನಿಮಿಷಾಂಬೆಯ ಗುಡಿಯ ಮುಂದೆ ಜನ ಸಾಲುಗಟ್ಟಿ ನಿಂತಿರುತ್ತಾರೆ. ಕೆಳಗೆ ಕಾವೇರಿ ಹರಿಯುತ್ತಾಳೆ. ಇಲ್ಲದವನೂ ಹುಂಡಿಗೆ ಒಂದು ಕಾಸು ಹಾಕದೆ ಹೋಗುವುದಿಲ್ಲ. ಕೊಡುವ ಮನಸ್ಸು ನಮ್ಮಲ್ಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಹುಂಡಿಗೆ ಹಾಕಿದ ಕಾಸನ್ನು ತಾಯಿ ನೋಡಿಕೊಳ್ಳುತ್ತಾಳೆಂದು ನಂಬಿ ನಾವು ಮನೆಗೆ ಬರಬಹುದು. ಶಾಲೆಗೆ, ಕೆರೆಗೆ, ಆಸ್ಪತ್ರೆಗೆ ಕೊಟ್ಟ ಕಾಸನ್ನು ನಾವೇ ನೋಡಿಕೊಳ್ಳಬೇಕು. ಆ ಮುದುಕಿ ಈಗಿಲ್ಲ. ಅವಳಿಗೆ ಅಂದು ನಾನು ಕಿಟಕಿಯ ಕೆಳಗಿನ ಒಂದು ಕಲ್ಲನ್ನು ತೋರಿಸಿದೆ. ಅವಳು ಅದನ್ನು ಅಂಗೈಯಿಂದ ಒಮ್ಮೆ ಸವರಿ, ಬುಟ್ಟಿಯನ್ನು ತಲೆಗೇರಿಸಿಕೊಂಡು ಹೋದಳು.