ಪದವಿ, ಹಿರಿತನ ಮತ್ತು ಕೈಗುಣ



ಬಾಂದ್ರಾದವರಾದ ನಮಗೆ ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಸೌಧಗಳು ದೂರದವಲ್ಲ. ಅಂಥ ಕಚೇರಿಗೆ ಕೆಲಸ ಕೇಳಿ ಹೋದವನಿಗೆ ಎದುರಾಗುವ ಮೊದಲ ಪ್ರಶ್ನೆ ‘ನಿನಗೇನು ಬರುತ್ತದೆ?’ ಎಂದಲ್ಲ, ‘ಯಾವ ಡಿಗ್ರಿ, ಎಷ್ಟು ವರ್ಷದ ಅನುಭವ?’ ಎಂದು. ಒಳಸೇರಿದ ಮೇಲೂ ಎಷ್ಟೋ ಕಡೆ ಬಡ್ತಿ ಪಂಚಾಂಗ ನೋಡಿಕೊಂಡೇ ಬರುತ್ತದೆ.

ನಮ್ಮ ಜನ ಈ ಊರಿನಲ್ಲಿ ಬೇರೂರಿದ್ದು ಹಾಗಲ್ಲ. ತುಳುನಾಡಿನಿಂದ ಬಂದ ಹುಡುಗ ಹೋಟೆಲಿನಲ್ಲಿ ಮೊದಲು ಲೋಟ ತೊಳೆದ, ಮೇಜು ಒರೆಸಿದ. ಕೈ ಪಳಗಿದ ಮೇಲೆ ಬಡಿಸಲು ನಿಂತ. ಹಿಟ್ಟಿನ ಹದ ಮೂಗಿಗೇ ತಿಳಿಯುವಂತಾದಾಗ ಒಲೆಯ ಮುಂದೆ ಬಂದ. ಲೆಕ್ಕ ಚೊಕ್ಕವಾಗಿದ್ದರೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ. ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರು ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು. ಉಣ್ಣಲು ಬಂದವರು ಅವರ ಸರ್ಟಿಫಿಕೇಟು ನೋಡಿ ಕೂತರೇನು?

ಪಂಡಿತರೂ ಇದನ್ನೇ ಹೇಳುತ್ತಾರೆ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ನೋಡಿದರು. ಓದಿನ ವರ್ಷ, ಅನುಭವದ ವರ್ಷಗಳನ್ನು ಎಣಿಸುವುದಕ್ಕಿಂತ ಕೆಲಸವನ್ನೇ ಸ್ವಲ್ಪ ಮಾಡಿಸಿ ನೋಡುವುದು ಎಷ್ಟೋ ಹೆಚ್ಚು ನಂಬತಕ್ಕದ್ದೆಂದು ಕಂಡರು. ಷೇರುಪೇಟೆಯನ್ನೇ ನೋಡಿ. 1994ರಲ್ಲಿ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಪರದೆಯ ಮೇಲಿನ ವ್ಯಾಪಾರ ತಂದಿತು. 1995ರಲ್ಲಿ ದಲಾಲ್ ಸ್ಟ್ರೀಟೂ ಅದೇ ದಾರಿ ಹಿಡಿಯಿತು. ಕೂಗಿ, ಕೈಸನ್ನೆ ಮಾಡಿ ವ್ಯಾಪಾರ ಕುದುರಿಸಿದವನು ಎಷ್ಟು ಹಳಬನಾದರೇನು, ಹೊಸ ಕೆಲಸವನ್ನು ಹೊಸದಾಗಿಯೇ ಕಲಿಯಬೇಕಾಯಿತು.

ಆದರೂ ಹಿರಿತನದ ನಿಯಮವನ್ನು ಹಗುರವಾಗಿ ಕಾಣಬಾರದು. ಬಡ ಗುಮಾಸ್ತನನ್ನು ಸಾಹೇಬರ ಸೋದರಳಿಯನಿಂದ ಕಾಪಾಡಿದ್ದು ಅದೇ. ಪದವಿ ಬೇಡ, ವರ್ಷ ಬೇಡ, ‘ಹುಡುಗ ಜಾಣ’ ಎಂಬ ಒಬ್ಬರ ಬಾಯಿಮಾತೇ ಸಾಕು ಎಂದಾದರೆ ಗತಿಯೇನು? ಎಲ್ಲರಿಗೂ ಒಂದೇ ಕೆಲಸ ಕೊಟ್ಟು, ನಾಲ್ಕು ಜನ ನೋಡಿ, ಗುಣವನ್ನು ಕಾಗದದ ಮೇಲೆ ಬರೆಯಬೇಕು. ನಮ್ಮ ಹೋಟೆಲುಗಳೂ ಇದರಲ್ಲಿ ನಿರ್ದೋಷಿಗಳಲ್ಲ. ಊರಿನವನು, ಬಳಗದವನು ಎಂದೇ ಒಳಬಂದವರು ಬಹಳ. ಕಷ್ಟಕಾಲದಲ್ಲಿ ಅದು ಆಸರೆಯೂ ಆಗಿತ್ತೆನ್ನಿ.

ಇನ್ನೊಂದು ಕೊರತೆಯುಂಟು. ಕೈಯ ವಿದ್ಯೆಗೆ ಆ ನಾಲ್ಕು ಗೋಡೆಗಳಾಚೆ ಸಾಕ್ಷಿಯಿಲ್ಲ. ಹೋಟೆಲು ಮುಚ್ಚಿತೆಂದರೆ 25 ವರ್ಷ ಒಲೆಯ ಮುಂದೆ ಬೆಂದವನ ಬಳಿ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಹಗಲು ದುಡಿಯುವ ಹುಡುಗರಿಗಾಗಿ ನಮ್ಮ ಹಿರಿಯರು ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದ್ದು ಸುಮ್ಮನಲ್ಲ. ಡಿಗ್ರಿ ಕೆಲಸಕ್ಕೆ ಬಾರದ್ದೆಂದು ನಾನು ಹೇಳಲಾರೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯು, ಮೊದಲೇ ದುಡಿದು ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡನ್ನೂ ಸೇರಿಸಿಕೊಂಡಿತು.

ಈ ಸಭೆಯಲ್ಲಿ ಹೋಟೆಲು ನಡೆಸುವವರೂ ಕಚೇರಿಗಳಿಗೆ ಜನರನ್ನು ಆರಿಸುವವರೂ ಇದ್ದೀರಿ. ನಿಮ್ಮಲ್ಲಿ ದುಡಿದವನು ಹೊರಡುವಾಗ ‘ಇಷ್ಟು ವರ್ಷ ಇದ್ದನು, ನಡತೆ ಒಳ್ಳೆಯದು’ ಎಂಬ ಮಾಮೂಲಿ ಪತ್ರ ಸಾಲದು. ಎಷ್ಟು ಜನರಿಗೆ ಅಡುಗೆ ಮಾಡಬಲ್ಲ, ಯಾವ ಲೆಕ್ಕ ಬರೆಯಬಲ್ಲ, ಯಾವ ಯಂತ್ರ ನಡೆಸಬಲ್ಲ ಎಂಬುದನ್ನು ಬರೆದು, ರುಜು ಹಾಕಿ, ಅವನ ಕೈಗೆ ಕೊಡಿ.