ಮಳೆಗಾಲದಲ್ಲಿ ಆಲೆಮನೆ ಕೊಪ್ಪರಿಗೆಯ ರಕ್ಷಣೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಬೆಲ್ಲದ ಮಾತು ಬಂದಾಗಲೆಲ್ಲ ನಾವು ಕಬ್ಬಿನ ತಳಿ, ಗೊಬ್ಬರ, ಕಟಾವಿನ ಕಾಲ, ಸುಣ್ಣದ ಪ್ರಮಾಣ ಇವುಗಳನ್ನು ಚರ್ಚಿಸುತ್ತೇವೆ. ಕಬ್ಬಿನ ಹಾಲು ಬೇಯುವ ಕೊಪ್ಪರಿಗೆಯ ವಿಚಾರ ಎತ್ತುವವರು ಕಡಿಮೆ. ಮಲೆನಾಡಿನಲ್ಲಿ ಆಲೆಮನೆ ನಡೆಯುವುದು ಸಂಕ್ರಾಂತಿಯ ಆಚೀಚೆಯ ಕೆಲವು ವಾರಗಳು ಮಾತ್ರ. ಉಳಿದ ಕಾಲವೆಲ್ಲ ಕಬ್ಬಿಣದ ಕೊಪ್ಪರಿಗೆ ಖಾಲಿ ಬಿದ್ದಿರುತ್ತದೆ, ಆ ಕಾಲದಲ್ಲೇ ಮಳೆಗಾಲವೂ ಬರುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಕೊಪ್ಪರಿಗೆ ಬೆಂಕಿಯಲ್ಲಿ ಸವೆಯುವುದಕ್ಕಿಂತ ಹೆಚ್ಚಾಗಿ ಸುಮ್ಮನಿದ್ದಾಗಲೇ ಸವೆಯಲು ಇದೇ ಕಾರಣ.

ತುಕ್ಕಿನಿಂದ ಆಗುವ ನಷ್ಟ ಎರಡು ಬಗೆಯದು. ಮೊದಲನೆಯದು ತಗಡಿನ ನಷ್ಟ. ಅಲ್ಯೂಮಿನಿಯಂ ಮೇಲೆ ಕೂಡುವ ಪದರ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸಡಿಲವಾದುದು, ನೀರನ್ನು ಹಿಡಿದಿಟ್ಟುಕೊಂಡು ಒಳಗಿನ ಕಬ್ಬಿಣವನ್ನೂ ತಿನ್ನುತ್ತ ಹೋಗುತ್ತದೆ. ಎರಡನೆಯದು ಬೆಲ್ಲದ ನಷ್ಟ. ಕಬ್ಬಿನ ಹಾಲು ಸ್ವಭಾವತಃ ತುಸು ಹುಳಿ, ಅದು ತುಕ್ಕನ್ನು ಕರಗಿಸುತ್ತದೆ. ಕರಗಿದ ಕಬ್ಬಿಣ ಹಾಲಿನಲ್ಲಿರುವ ಒಗರಿನ ಅಂಶಗಳೊಡನೆ ಕೂಡಿ ಬೆಲ್ಲವನ್ನು ಕಪ್ಪಾಗಿಸುತ್ತದೆ. ಬಣ್ಣ ಕೆಟ್ಟರೆ ಮಂಡಿಯಲ್ಲಿ ಬೆಲೆ ಇಳಿಯುತ್ತದೆ. ಬೆಲೆ ಇಳಿದೀತೆಂಬ ಭಯಕ್ಕೆ ಕೆಲವರು ಹೈಡ್ರೋಸ್ ಪುಡಿಯನ್ನು ಹೆಚ್ಚು ಸುರಿಯುತ್ತಾರೆ. ತಿನ್ನುವವರಿಗೆ ಅದರಿಂದ ಕೇಡು. ಕೊಪ್ಪರಿಗೆ ಶುದ್ಧವಾಗಿದ್ದರೆ ಈ ಪುಡಿಗೆ ಕೈಹಾಕುವ ಒಂದು ಕಾರಣವಾದರೂ ತಪ್ಪುತ್ತದೆ.

ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಎರಡೂ ಬೇಕು. ಮಳೆಯೇ ತಾಗಬೇಕೆಂದಿಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇಕಡ 60 ದಾಟಿದರೆ ಸಾಕು, ಸೂರಿನ ಕೆಳಗಿದ್ದರೂ ತುಕ್ಕು ಬೇಗ ಬೆಳೆಯತೊಡಗುತ್ತದೆ. ರಾತ್ರಿ ತಣ್ಣಗಾದ ತಗಡಿನ ಮೇಲೆ ಗಾಳಿಯ ತೇವ ಹನಿಯಾಗಿ ಕೂಡುತ್ತದೆ. ಲವಣಾಂಶ ಸೇರಿದರಂತೂ ಈ ಕ್ರಿಯೆ ಇನ್ನೂ ಚುರುಕಾಗುತ್ತದೆ. ಇಷ್ಟು ತಿಳಿದರೆ ಮುಂದೆ ಹೇಳುವ ಕ್ರಮಗಳ ಅರ್ಥ ತಾನಾಗಿ ಹೊಳೆಯುತ್ತದೆ.

ತೊಳೆಯುವುದು: ಕೊನೆಯ ಪಾಕ ಇಳಿಸಿದ ದಿನವೇ ನೀರು ಕುದಿಸಿ, ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ. ಅಂಟಿದ ಬೆಲ್ಲ ತೇವವನ್ನು ಎಳೆದುಕೊಳ್ಳುತ್ತದೆ, ಹುಳಿಯುತ್ತದೆ. ಹೊರಮೈಯ ಮಸಿಯನ್ನೂ ಕೆರೆದು ತೆಗೆಯಬೇಕು. ಮಸಿಯೊಡನೆ ಸೇರಿದ ಬೂದಿಯಲ್ಲಿ ಪೊಟ್ಯಾಷ್ ಲವಣಗಳಿದ್ದು, ಅವೂ ಗಾಳಿಯ ತೇವ ಹೀರುತ್ತವೆ. ಬೂದಿಯಿಂದ ಉಜ್ಜುವವರು ಮರೆಯದೆ ಎರಡು ಸಲ ಶುದ್ಧ ನೀರಿನಲ್ಲಿ ತೊಳೆಯತಕ್ಕದ್ದು.

ಹಳೆಯ ತುಕ್ಕು: ಇಟ್ಟಿಗೆ ಪುಡಿ ಅಥವಾ ಉಪ್ಪುಕಾಗದದಿಂದ ಉಜ್ಜಿ. ಉಳಿದ ಕಲೆಗೆ ಹುಣಿಸೆ ಹಣ್ಣಿನ ರಸ ಬಳಿದು ಅರ್ಧ ಗಂಟೆಯೊಳಗೆ ತೊಳೆಯಿರಿ. ರಸವನ್ನು ರಾತ್ರಿಯಿಡೀ ಬಿಟ್ಟರೆ ಹುಳಿ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ.

ಒಣಗಿಸುವುದು: ಬಟ್ಟೆಯಿಂದ ಒರೆಸಿದರೆ ಸಾಲದು. ಒಲೆಯಲ್ಲಿ ಸಣ್ಣ ಉರಿ ಮಾಡಿ, ಅಂಚು ಮತ್ತು ರಿವೆಟ್ಟಿನ ಸಂದುಗಳಿಂದ ಹಬೆ ಏಳುವುದು ನಿಲ್ಲುವವರೆಗೆ ಬಿಸಿ ಮಾಡಿ. ಖಾಲಿ ಕೊಪ್ಪರಿಗೆಗೆ ಜೋರು ಉರಿ ಕೊಟ್ಟರೆ ತಗಡು ಸೊಟ್ಟಗಾಗುತ್ತದೆ, ಎಚ್ಚರ.

ಎಣ್ಣೆ ಸವರುವುದು: ಬೆಚ್ಚಗಿರುವಾಗಲೇ ಒಳಹೊರಗೆ ಎಣ್ಣೆ ಸವರಿ. ಎಲ್ಲ ಎಣ್ಣೆಯೂ ಒಂದೇ ಅಲ್ಲ. ಗಾಳಿಯಲ್ಲಿ ಒಣಗಿ ಪೊರೆಗಟ್ಟುವ ಗುಣವನ್ನು ಅಯೋಡಿನ್ ಸಂಖ್ಯೆಯಿಂದ ಅಂದಾಜು ಮಾಡಬಹುದು. ಇದು ಕೊಬ್ಬರಿ ಎಣ್ಣೆಗೆ ಸುಮಾರು 10, ಕಡಲೆಕಾಯಿ ಎಣ್ಣೆಗೆ 90ರ ಆಸುಪಾಸು, ಕುಸುಬೆ ಎಣ್ಣೆಗೆ 140ರ ಆಸುಪಾಸು, ಅಗಸೆ ಎಣ್ಣೆಗೆ 170ಕ್ಕೂ ಮೇಲು. ಆದ್ದರಿಂದ ಅಡುಗೆಗೆ ಬಳಸುವ ಅಗಸೆ ಅಥವಾ ಕುಸುಬೆ ಎಣ್ಣೆ ಉತ್ತಮ. ತೆಳುವಾಗಿ ಸವರಿ, ಹೆಚ್ಚಾದುದನ್ನು ಒರೆಸಿ, ಸಣ್ಣ ಉರಿಯಲ್ಲಿ ತುಸು ಹೊಗೆಯಾಡುವವರೆಗೆ ಕಾಯಿಸಿ. ಹೀಗೆ ಎರಡು ಮೂರು ಸಲ ಮಾಡಿದರೆ ಗಟ್ಟಿ ಪೊರೆ ಕೂಡುತ್ತದೆ. ದಪ್ಪವಾಗಿ ಬಳಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಕೊಬ್ಬರಿ ಎಣ್ಣೆಯೇ ಕೈಗೆ ಸಿಗುವುದಾದರೆ ಅದನ್ನೇ ಸವರಬಹುದು. ಆದರೆ ಅದು ಒಣಗುವುದಿಲ್ಲವಾದ್ದರಿಂದ ಆಗಾಗ ಮತ್ತೆ ಸವರಬೇಕಾಗುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಬಣ್ಣದ ಅಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರಬಹುದು. ಅದನ್ನಾಗಲಿ, ಎಂಜಿನ್ನಿನ ಹಳೆಯ ಎಣ್ಣೆಯನ್ನಾಗಲಿ, ಗ್ರೀಸನ್ನಾಗಲಿ ಆಹಾರ ಬೇಯುವ ಪಾತ್ರೆಗೆ ಮುಟ್ಟಿಸಬಾರದು. ಎರಡನೆಯದಾಗಿ, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಬ್ಬಿನ ಸಿಪ್ಪೆಯ ಬಳಿ ಎಸೆಯಬಾರದು. ಎಣ್ಣೆ ಒಣಗುವಾಗ ಶಾಖ ಹುಟ್ಟಿ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ಅದನ್ನು ಒಲೆಗೆ ಹಾಕಿ ಸುಟ್ಟುಬಿಡಿ.

ಇಡುವ ರೀತಿ: ಕೊಪ್ಪರಿಗೆಯನ್ನು ಕವುಚಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ಮರದ ತುಂಡುಗಳ ಮೇಲೆ, ಸೂರಿನ ಕೆಳಗೆ ಇಡಿ. ಅಡಿಯಲ್ಲಿ ಗಾಳಿ ಆಡಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದರೆ ಒಳಗಿನ ತೇವ ಹೊರಹೋಗದೆ ಹನಿಗಟ್ಟುತ್ತದೆ. ಹಾಳೆ ಹೊದಿಸಲೇಬೇಕಾದರೆ ಬದಿಗಳನ್ನು ತೆರೆದಿಡಿ. ಗೊಬ್ಬರದ ಚೀಲಗಳಿರುವ ಕೋಣೆ ಬೇಡ. ನಾವು ಬಳಸುವ ಪೊಟ್ಯಾಷ್ ಗೊಬ್ಬರ ಬಹುಮಟ್ಟಿಗೆ ಕ್ಲೋರೈಡ್ ರೂಪದ್ದು, ಕ್ಲೋರೈಡು ಕಬ್ಬಿಣದ ಬದ್ಧ ವೈರಿ. ತೇವ ತುಂಬಿದ ಕೊಟ್ಟಿಗೆಯೂ ತಕ್ಕ ಜಾಗವಲ್ಲ.

ನಡುವಿನ ತಪಾಸಣೆ: ಮಳೆ ಬಿಡುವು ಕೊಟ್ಟ ದಿನ, ತಿಂಗಳಿಗೊಮ್ಮೆಯಾದರೂ, ಒಣ ಬಟ್ಟೆಯಿಂದ ಒರೆಸಿ ನೋಡಿ. ಕೆಂಪು ಚುಕ್ಕೆ ಕಂಡಲ್ಲಿ ಆಗಲೇ ಉಜ್ಜಿ ಎಣ್ಣೆ ಸವರಿ. ಚುಕ್ಕೆ ಕುಳಿಯಾದ ಮೇಲೆ ಉಳಿಯುವ ಉಪಾಯ ಬೆಸುಗೆಯೊಂದೇ.

ಹೊಸ ಹಂಗಾಮಿನ ಮುಂಚೆ ಬಿಸಿ ನೀರಿಗೆ ವಾಷಿಂಗ್ ಸೋಡ ಹಾಕಿ ಕಮಟು ಎಣ್ಣೆಯನ್ನು ತೊಳೆದು, ಒಂದು ಸಲ ಬರಿಯ ನೀರು ಕುದಿಸಿ ಚೆಲ್ಲಿ, ಅನಂತರ ಹಾಲು ಹೊಯ್ಯಿರಿ. ಮನೆಯ ಕಬ್ಬಿಣದ ರೊಟ್ಟಿ ಹಂಚು, ದೋಸೆ ಕಾವಲಿಗಳಿಗೂ ತೊಳೆ, ಒಣಗಿಸು, ಎಣ್ಣೆ ಸವರು ಎಂಬ ಇದೇ ನಿಯಮ. ನಮ್ಮ ಗೃಹಿಣಿಯರು ಇದನ್ನು ಬಹಳ ಹಿಂದಿನಿಂದ ಮಾಡುತ್ತ ಬಂದಿದ್ದಾರೆ. ಅಡುಗೆಮನೆಯ ಆ ಶಿಸ್ತು ಆಲೆಮನೆಗೂ ಬರಲಿ.

ಈ ಕೆಲಸಕ್ಕೆ ಬೇಕಾಗುವುದು ಒಂದು ದಿನದ ಆಳು ಮತ್ತು ಸ್ವಲ್ಪ ಎಣ್ಣೆ. ಹೊಸ ಕೊಪ್ಪರಿಗೆಯ ಬೆಲೆ ಎಷ್ಟೆಂಬುದು ನಿಮಗೇ ಗೊತ್ತಿದೆ. ಹಲವರು ಕೂಡಿ ಒಂದೇ ಕೊಪ್ಪರಿಗೆ ಬಳಸುವ ಊರುಗಳಲ್ಲಿ ಈ ಹೊಣೆ ಯಾರದೆಂದು ಕೊನೆಯ ಪಾಕದ ದಿನವೇ ತೀರ್ಮಾನಿಸಿಕೊಳ್ಳಿ. ಎಲ್ಲರದೂ ಆದ ಕೆಲಸ ಯಾರದೂ ಆಗದೆ ಉಳಿಯುವುದುಂಟು. ವಿಸ್ತರಣಾ ಕಾರ್ಯಕರ್ತರು ಮುಂಗಾರು ಆರಂಭವಾಗುವ ಮುನ್ನ ಹಳ್ಳಿಗೊಂದು ಕೊಪ್ಪರಿಗೆಯನ್ನಾದರೂ ಹೀಗೆ ಸಿದ್ಧಪಡಿಸಿ ತೋರಿಸಬೇಕೆಂದು ಕೋರುತ್ತೇನೆ.